ಭೂಪಟದ ಮೇಲೆ ಕೂಡಿದ ನೆರಳು

ಕಿಟಕಿಗಳನ್ನೆಲ್ಲ ಮುಚ್ಚಿ ಪ್ರೊಜೆಕ್ಟರ್ ಹಚ್ಚಿದರೆ ಸಾಕು, ಮಿರಜದ ಆ ಕನ್ನಡ ಶಾಲೆಯ ಸುಣ್ಣದ ಗೋಡೆಗೆ ಇಡೀ ಜಗತ್ತೇ ಬಂದು ಕೂಡುತ್ತಿತ್ತು.

“ಇದು ಆಫ್ರಿಕಾ, ಅದು ದಕ್ಷಿಣ ಅಮೆರಿಕಾ. ಒಂದ ಕಾಲಕ್ಕ ಕೂಡಿಕೊಂಡ ಇದ್ವು,” ಎಂದು ಭೂಗೋಳದ ಟೀಚರ್ ಮೃಣಾಲ ಗೋಡೆಯ ಬಳಿ ಕೈ ಚಾಚಿದಳು. ಆಚೆ ದಂಡೆ ತೋರಿಸಲು ಪ್ರೊಜೆಕ್ಟರ್ ಪಕ್ಕದಿಂದ ಕಂಪ್ಯೂಟರ್ ಸರ್ ಸೂರಜನೂ ಕೈ ಎತ್ತಿದ. ನಡುವೆ ಎರಡು ಬೆಂಚಿನ ಅಂತರ. ಆದರೂ ನೆರಳಿನ ಬೆರಳುಗಳು ಅಟ್ಲಾಂಟಿಕ್ಕಿನ ನಡುನೀರಿನಲ್ಲಿ ಹೆಣೆದುಕೊಂಡವು.

ಮಕ್ಕಳು ಕಿಸಕ್ಕೆಂದರು. ಅವಳು ಕೈ ಹಿಂತೆಗೆಯಲಿಲ್ಲ. ಅವನೂ.

“ನಿಮ್ಮ ಅಪ್ಪಾರ ಅರಿಶಿನದ ಅಂಗಡ್ಯಾಗಿಂದ ಸೀದಾ ಬಂದೀರೇನ್ರಿ ಸರ್? ಬೆರಳ ಹಳದಿ ಅದಾವ,” ಎಂದಳು ಮೃಣಾಲ.

“ಟೀಚರ್, ನೀವು ನಕಾಶಾ ನೋಡ್ತೀರೋ, ನನ್ನ ಬೆರಳ ನೋಡ್ತೀರೋ?”

“ಎರಡೂ.”

ಸಂಜೆಯೊಳಗೆ ಸುದ್ದಿ ಮನೆಮನೆ ಮುಟ್ಟಿತು. ಮರುದಿನ ಇಬ್ಬರೂ ಪಾಠ ನಡೆಸುತ್ತಿದ್ದ ಅದೇ ಕತ್ತಲ ಕೋಣೆಯ ಬಾಗಿಲಿಗೆ ಶಾಲಾ ಸಮಿತಿಯ ಅಧ್ಯಕ್ಷರು, ಅವಳ ಸ್ವಂತ ಕಾಕಾ ನೇಮಿನಾಥ, ಬಂದು ನಿಂತರು.

“ಏ ಮೃಣಾಲ, ಜೈನರ ಹುಡುಗಿ ಲಿಂಗಾಯತರ ಹುಡುಗನ ಕೈ ಹಿಡದಾಳಂತ ಊರೆಲ್ಲ ಬೊಬ್ಬಿ ಹೊಡ್ಯಾಕತ್ತೈತಿ. ಬರೇ ನೆರಳು, ಮನಸಿನ್ಯಾಗ ಏನಿಲ್ಲ ಅಂತ ಹೇಳಿಬಿಡು. ಇಬ್ರ ನೌಕ್ರೀನೂ ಉಳೀತೈತಿ.”

“ಹೌದ್ರಿ ಕಾಕಾ, ಬರೇ ನೆರಳ,” ಎಂದು ಸೂರಜನೇ ಮುಂದಾದ. ಅವಳನ್ನು ಉಳಿಸಲೆಂದೇ ಆಡಿದ ಮಾತು. ಆದರೂ ಅವಳ ಎದೆಗೆ ಮುಳ್ಳಿನಂತೆ ನಟ್ಟಿತು.

“ಸರ್ ಹೇಳ್ಲಿ, ನಾ ಹೇಳಂಗಿಲ್ಲ. ಚಾತುರ್ಮಾಸ ಮುಗಿಯೋತನಾ ಸುಳ್ಳ ಆಡಂಗಿಲ್ಲಂತ ಮುನಿಮಹಾರಾಜರ ಮುಂದ ನೇಮ ಹಿಡದೇನಿ. ಆ ನೇಮಕ್ಕ ಕೈಯಾಗ ತೆಂಗಿನಕಾಯಿ ಕೊಟ್ಟ ಕುಂದ್ರಿಸಿದವ್ರು ನೀವ ಅಲ್ರಿ ಕಾಕಾ?”

ನೇಮ ಮುರಿ ಎನ್ನಲಾರದ ದೈವಭಕ್ತ ನೇಮಿನಾಥರು ಮುಚ್ಚಿದ ಕಿಟಕಿಗಳತ್ತ ಕೈ ಮಾಡಿದರು.

“ಕತ್ತಲ್ಯಾಗ ಇದೆಲ್ಲ ಬ್ಯಾಡ. ಮೊದಲ ಕಿಟಕಿ ತಗಿ!”

“ತಗೀತೇನಿ.” ಅವಳೇ ಹೋಗಿ ಒಂದೊಂದಾಗಿ ತೆರೆದಳು. ಗೋಡೆಯ ಮೇಲಿನ ಸಮುದ್ರಗಳೆಲ್ಲ ಬಿಸಿಲಿಗೆ ಮಾಸಿಹೋದವು. ಮೃಣಾಲ ಗೋಡೆಗೆ ಬೆನ್ನು ಹಚ್ಚಿ ನಿಂತಳು.

“ಈಗ ಬೆಳಕಿನ್ಯಾಗ ಹೇಳ್ತೇನಿ, ಕೇಳ್ರಿ. ಇವ್ರಂದ್ರ ನನಗ ಜೀವ. ಮದಿವಿ ಆದ್ರ ಇವ್ರನ್ನ ಆಗಾಕಿ. ನೌಕರಿ ಹೋದ್ರ ಹೋಗ್ಲಿ.”

ಸೂರಜನ ಕಿವಿ ಕೆಂಪಾದವು. “ನನ್ನ ಒಂದ ಮಾತ ಕೇಳಬೇಕಿತ್ತಲ್ರಿ ಟೀಚರ್...”

“ಈಗ ಕೇಳಾಕತ್ತೇನಿ. ನೇಮ ನಂದು, ನಿಮಗೇನಿಲ್ಲ. ಇನ್ನೊಂದ ಸುಳ್ಳ ಹೇಳೋದಿದ್ರ ಹೇಳ್ರಿ.”

ಅವನು ನೇರ ನೇಮಿನಾಥರ ಬಳಿ ಹೋಗಿ ಬಗ್ಗಿ ಕಾಲು ಮುಟ್ಟಿದ.

“ಆಗಳೆ ನಾ ಹೇಳಿದ್ದ ಸುಳ್ಳರಿ ಕಾಕಾ. ವರ್ಷ ಆತು, ಭೂಗೋಳದ ಪಿರಿಯಡ್ ಇಲ್ಲದ ದಿನಾ ನನಗ ದಿನಾನ ಅನಸಂಗಿಲ್ಲ.”

ಹಾಗೆಂದು ಎದ್ದವನು, ಯಾರ ಅಪ್ಪಣೆಗೂ ಕಾಯದೆ, ಹೋಗಿ ಅವಳ ಪಕ್ಕದಲ್ಲಿ ಬಿಸಿಲಿಗೆ ಮುಖ ಕೊಟ್ಟು ನಿಂತ.