ಗುಡಿಸಲ ಬಾಗಿಲಿಗೆ ಬಂದ ಸೀರೆ

ಹಸಿ ಬೇವಿನ ಸೊಪ್ಪು ಸುಟ್ಟ ಹೊಗೆಯ ವಾಸನೆ...

ಕಸ್ತೂರಮ್ಮನಿಗೆ ಅದು ಅವ್ವನ ಸಾವಿನ ವಾಸನೆ. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಇಲಿ ಸತ್ತು ಬಿತ್ತೆಂದು ಮೂಲೆಮೂಲೆಗೂ ಬೇವಿನ ಹೊಗೆ ಹಾಕಿದ್ದರು. ಕಣ್ಣುರಿಯಿಂದ ಅಳುತ್ತಿದ್ದ ಅವಳನ್ನು ಅಣ್ಣ ಬೆನಕಪ್ಪ ಹೆಗಲ ಮೇಲೆ ಕೂರಿಸಿಕೊಂಡು ಊರಾಚೆಗೆ ನಡೆದಿದ್ದ. ಅವ್ವ ಅವರ ಹಿಂದೆ ಬರಲಿಲ್ಲ.

ಈಗ, ಮೂವತ್ತರ ದಶಕದ ಒಂದು ಚಳಿಗಾಲ. ನ್ಯಾಮತಿಯ ಬೀದಿಗಳಲ್ಲಿ ಮತ್ತೆ ಅದೇ ಹೊಗೆ. ಪ್ಲೇಗು ಬಂದಿತ್ತು. ಜನ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು.

ಕೊನೆಯ ಗುಡಿಸಲಲ್ಲಿ ದುರುಗಮ್ಮನೆಂಬ ಒಂಟಿ ಮುದುಕಿ ಜ್ವರದಿಂದ ನರಳುತ್ತಿದ್ದಳು. ಕಸ್ತೂರಮ್ಮ ಗಂಜಿ ಗಡಿಗೆ ಹಿಡಿದು ಆ ಗುಡಿಸಲ ತಟ್ಟಿಬಾಗಿಲು ಸರಿಸಲು ಕೈಚಾಚಿದ್ದಳಷ್ಟೆ.

“ಒಳಗೆ ಹೋಗಬೇಡಿ.”

ತಿರುಗಿ ನೋಡಿದಳು. ಖಾಕಿ ಕೋಟು, ಧೂಳು ಮೆತ್ತಿದ ಬೂಟು, ಕೈಯಲ್ಲಿ ಔಷಧದ ಪೆಟ್ಟಿಗೆ. ಸರ್ಕಾರದಿಂದ ಬಂದ ಹೆಲ್ತ್ ಇನ್‌ಸ್ಪೆಕ್ಟರ್ ಮಹೇಶ್ವರಪ್ಪ.

“ಅಲ್ಲಿ ಜ್ವರ ಇದೆ. ಗೊತ್ತಿಲ್ವಾ ನಿಮಗೆ?”

“ಗೊತ್ತೈತೆ. ಹಸಿವೂ ಐತೆ. ಜ್ವರಕ್ಕೆ ನೀವು ಬಂದ್ರಿ, ಹಸಿವಿಗೆ ಯಾರು ಬರ್ತಾರೆ?”

ಅವನು ಪೆಟ್ಟಿಗೆಯಿಂದ ಒಂದು ಶುಭ್ರ ಬಟ್ಟೆ ತೆಗೆದುಕೊಟ್ಟು, ಮೂಗು ಬಾಯಿಗೆ ಕಟ್ಟಿಕೊಳ್ಳುವಂತೆ ಸನ್ನೆ ಮಾಡಿದ. ಆಮೇಲೆ ಅವಳಿಗಾಗಿ ತಾನೇ ತಟ್ಟಿ ಸರಿಸಿ ಹಿಡಿದ.

ಕಸ್ತೂರಮ್ಮನಿಗೆ ಮದುವೆಯಾದ ವರ್ಷವೇ ಗಂಡ ತೀರಿಹೋಗಿದ್ದ. ಅಂದಿನಿಂದ ಅಣ್ಣನ ಮನೆ. ಅಲ್ಲಿ ಅವಳಿಲ್ಲದೆ ಒಲೆ ಹತ್ತುತ್ತಿರಲಿಲ್ಲ; ಆದರೂ ಅದು ಅವಳ ಮನೆಯಾಗಿರಲಿಲ್ಲ. ಅಣ್ಣ ಕೆಟ್ಟವನಲ್ಲ, ಮಾತು ಕಡಿಮೆ. ಅತ್ತಿಗೆ ಶಂಕರಮ್ಮನಿಗೆ ನಾದಿನಿಯ ನೆರಳೂ ಭಾರ.

ಹೊಲಕ್ಕೆ ಬಂದ ಮೇಲೆ ಜ್ವರ ಬಿದ್ದವರ ಗುಡಿಸಲಲ್ಲಿ ಒಲೆ ಹತ್ತದಿರುವುದನ್ನು ಕಂಡು ಅವಳು ಒಂದು ಕೆಲಸ ಹಚ್ಚಿಕೊಂಡಿದ್ದಳು. ಪ್ರತಿ ಗುಡಿಸಲಿಂದ ಒಂದು ಹಿಡಿ ಕಾಳು, ಒಂದೇ ಒಲೆ, ಅಡುಗೆ ಮಾಡಿಕೊಳ್ಳಲಾಗದವರಿಗೆಲ್ಲ ಗಂಜಿ. ಊರ ಹಿರಿಯ ಗಾದ್ರಪ್ಪ ಒಲೆಯ ಪಕ್ಕ ಸೌದೆ ಹೊರೆ ಇಟ್ಟು ಹೋಗುತ್ತಿದ್ದ. ಶಂಕರಮ್ಮ ಮಾತ್ರ, “ಮನೆ ಕಾಳು ಊರಿಗೆ, ಹೆಸರು ಇವಳಿಗೆ,” ಎಂದು ಗೊಣಗುತ್ತಲೇ ತನ್ನ ಹಿಡಿ ಹಾಕುತ್ತಿದ್ದಳು. ಆ ಹಿಡಿ ಮಾತ್ರ ಎಂದೂ ಚಿಕ್ಕದಾಗಿರಲಿಲ್ಲ.

ಮಹೇಶ್ವರಪ್ಪ ಪ್ಲೇಗಿನ ಸೂಜಿ ಹಾಕಲು ಕುಳಿತಾಗ ಜನ ದೂರ ನಿಂತರು. ಅದು ಎತ್ತಿಗೆ ಹಾಕುವ ಸೂಜಿ, ಹಾಕಿಸಿಕೊಂಡರೆ ನೊಗ ಹೊರಬೇಕಾಗುತ್ತದೆ ಎಂದು ಯಾರೋ ನಗಿಸಿದರು. ಕಸ್ತೂರಮ್ಮ ಮುಂದೆ ಬಂದು ತೋಳು ಚಾಚಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಊರೇ ಬಂತು.

ತೋಳು ಊದಿಕೊಂಡು ಅವಳಿಗೆ ಮೈ ಕಾದಾಗ ಅವನು ಬೆಳಿಗ್ಗೆ ಬೆಳಿಗ್ಗೆ ಬಂದು, ನೋವು ಹೇಗಿದೆ ಎಂದು ಕೇಳಿ ಹೋಗುತ್ತಿದ್ದ. ಅಷ್ಟೇ ಮಾತು. ಆದರೆ ಆ ಬೂಟಿನ ಸದ್ದಿಗಾಗಿ ತಾನು ಕಿವಿಗೊಟ್ಟು ಕೂರುವುದು ಅವಳಿಗೇ ಗೊತ್ತಾಗತೊಡಗಿತು.

‘ಇದೇನು ಹುಚ್ಚು...’ ಎಂದುಕೊಂಡಳು.

ದುರುಗಮ್ಮ ಉಳಿಯಲಿಲ್ಲ. ಕಸ್ತೂರಮ್ಮನ ತೊಡೆಯ ಮೇಲೇ ಕಣ್ಣು ಮುಚ್ಚಿದಳು. ರೋಗ ಹರಡದಿರಲೆಂದು ಮಹೇಶ್ವರಪ್ಪ ಆ ಗುಡಿಸಲನ್ನೂ ಅದರೊಳಗಿನ ಬಟ್ಟೆಗಳನ್ನೂ ಸುಡಿಸಬೇಕಾಯಿತು. ಕಸ್ತೂರಮ್ಮ ಉಟ್ಟಿದ್ದ ಸೀರೆಯೂ ಬೆಂಕಿಗೆ ಹೋಯಿತು. ಇದ್ದ ಇನ್ನೊಂದನ್ನು ಅವಳು ಆಗಲೇ ಮುದುಕಿಗೆ ಹೊದಿಸಿದ್ದಳು. ಅವಳು ಅಣ್ಣನ ಕಂಬಳಿ ಸುತ್ತಿಕೊಂಡು ಗುಡಿಸಲೊಳಗೆ ಕುಳಿತಳು.

ಮಹೇಶ್ವರಪ್ಪ ಹೊನ್ನಾಳಿಗೆ ಹೋಗಿ ಬಂದ. ಇಳಿಹೊತ್ತು, ಎಲ್ಲರೂ ಹೊರಗೆ ಕುಳಿತಿದ್ದಾಗ, ಬೆನಕಪ್ಪನ ಗುಡಿಸಲ ಬಾಗಿಲಿಗೆ ನೇರವಾಗಿ ನಡೆದು, ಒಂದು ಹಸಿರು ಸೀರೆಯನ್ನು ಅವಳತ್ತ ಚಾಚಿದ.

“ತಗೊಳ್ಳಿ. ನಿಮಗೇ ತಂದಿದ್ದು.”

ಕುಳಿತವರೆಲ್ಲ ಅವನತ್ತ ತಿರುಗಿದರು. ಬೆನಕಪ್ಪ ಎದ್ದು ನಿಂತ.

ಆ ಜನದಲ್ಲಿ ಗಂಡ ಸತ್ತವಳಿಗೆ ಗಂಡಸೊಬ್ಬ ನಾಲ್ಕು ಜನರೆದುರು ಹೊಸ ಸೀರೆ ಕೊಟ್ಟರೆ ಅದು ಉಡಿಕೆಗೆ ಕೇಳಿದಂತೆ. ವಾಲಗವಿಲ್ಲದ, ಚಪ್ಪರವಿಲ್ಲದ ಎರಡನೆಯ ಮದುವೆಯೇ ಉಡಿಕೆ. ಹೆಣ್ಣು ಆ ಸೀರೆ ಉಟ್ಟು ಹೊರಬಂದರೆ ಒಪ್ಪಿದಳೆಂದು ಅರ್ಥ. ಉಡದೆ ಬಿಟ್ಟರೆ ಇಲ್ಲ.

ಕಸ್ತೂರಮ್ಮ ಸೀರೆಯನ್ನೂ ಅವನನ್ನೂ ನೋಡಿದಳು. ‘ನನ್ನನ್ನಾ? ಇವರು ನನ್ನನ್ನು ಕೇಳ್ತಿದಾರಾ?’

ತೆಗೆದುಕೊಂಡಳು. ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. ಬೆಳಿಗ್ಗೆ ಆ ಹಸಿರು ಸೀರೆ ಉಟ್ಟು, ತಲೆಯೆತ್ತಿ ಒಲೆಯ ಹತ್ತಿರ ಬಂದಳು.

ಪಾಪ, ಮಹೇಶ್ವರಪ್ಪನಿಗೆ ಇದೊಂದೂ ತಿಳಿಯದು. ಹುಟ್ಟಿದ್ದು ಚನ್ನಗಿರಿಯಲ್ಲಿ, ಇವರದೇ ಜನ. ಆದರೆ ಪ್ಲೇಗಿಗೆ ಮನೆಯವರನ್ನೆಲ್ಲ ಕಳೆದುಕೊಂಡು ಮೈಸೂರಿನ ಅನಾಥಾಲಯವೊಂದರಲ್ಲಿ ಬೆಳೆದವನು. ಅಲ್ಲಿ ಯಾರ ಬಟ್ಟೆ ಹರಿಯಿತೋ ಅವರಿಗೆ ಹೊಸದು ಕೊಡುತ್ತಿದ್ದರು. ಬಟ್ಟೆ ಕೊಡುವುದಕ್ಕೆ ಬೇರೊಂದು ಅರ್ಥವಿದೆಯೆಂದು ಅವನಿಗೆ ಹೇಳಲು ತಾಯಿಯಿರಲಿಲ್ಲ, ಅಕ್ಕನಿರಲಿಲ್ಲ.

ಗಾದ್ರಪ್ಪ ಹಿರಿಯರನ್ನು ಕರೆದುಕೊಂಡು ಅವನ ಡೇರೆಗೆ ಬಂದ.

“ದಿನ ಯಾವತ್ತು ಇಟ್ಕಳಾನ ಸ್ವಾಮಿ?”

“ಯಾವುದಕ್ಕೆ?”

“ಇನ್ಯಾವುದಕ್ಕೆ? ಸೂಜಿ ಚುಚ್ಚಾಕಂತೂ ಅಲ್ಲ.”

ಎಲ್ಲರೂ ನಕ್ಕರು. ಹುಡುಗ ನಾಚಿಕೊಳ್ಳುತ್ತಾನೆ ಎಂದರು. ಗಾದ್ರಪ್ಪ ಬಿಡಿಸಿ ಹೇಳಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ‘ಉಡಲು ಬಟ್ಟೆಯಿಲ್ಲದೆ ಕುಳಿತಿದ್ದವಳು ಸಿಕ್ಕಿದ್ದನ್ನು ಉಟ್ಟಳು. ಅಷ್ಟಕ್ಕೇ ಇವರು ಅವಳನ್ನು ನನಗೆ ಕಟ್ಟುತ್ತಿದ್ದಾರೆ...’

ತಾನು ಅವಳನ್ನು ಬಿಡಿಸಬೇಕು ಎನ್ನಿಸಿತು. ಎಲ್ಲರಿಗೂ ಕೇಳುವಂತೆ ಹೇಳಿದ.

“ನನಗೆ ಆ ಉದ್ದೇಶ ಇರಲಿಲ್ಲ. ಸುಟ್ಟುಹೋದದ್ದಕ್ಕೆ ಬದಲಾಗಿ ಕೊಟ್ಟೆ, ಅಷ್ಟೇ. ದಯವಿಟ್ಟು ಆಕೆಯನ್ನ ಇದಕ್ಕೆ ಕಟ್ಟಿಹಾಕಬೇಡಿ.”

ಡೇರೆಯ ಆಚೆ, ಒಲೆಯ ಮುಂದೆ, ಹಸಿರು ಸೀರೆಯುಟ್ಟವಳು ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಗಂಜಿ ಉಕ್ಕಿ ಬೆಂಕಿಗೆ ಸುರಿಯಿತು. ಅವಳು ನೋಡಲಿಲ್ಲ.

ಮರುದಿನ ಅವನ ಔಷಧದ ಪೆಟ್ಟಿಗೆಯ ಮೇಲೆ ಸೀರೆ ಒಗೆದು ಮಡಿಸಿ ಇಟ್ಟಿತ್ತು. ಅವಳು ಅತ್ತಿಗೆಯ ಹಳೆಯ ಸೀರೆ ಉಟ್ಟು ಕಾಳು ಬೇಯಿಸುತ್ತಿದ್ದಳು. ಅವನಿಗೆ ಸರಿಯಾದದ್ದನ್ನೇ ಮಾಡಿದೆ ಎಂಬ ಸಮಾಧಾನವಿರಬೇಕಿತ್ತು. ಇರಲಿಲ್ಲ... ಅದೇ ವಾರ ಜಗಳೂರಿನ ಕಡೆಗೆ ಹೋಗಲು ಅವನಿಗೆ ಹುಕುಂ ಬಂತು. ಹೊರಡುವಾಗ ಒಲೆಯ ಹತ್ತಿರ ನಿಂತು, ತೋಳು ವಾಸಿಯಾಯಿತೇ ಎಂದು ಕೇಳಿದ. ಆಯಿತು ಎಂದಳು, ತಿರುಗದೆ.

ಆಮೇಲಿನ ದಿನಗಳು ಬಹಳ ಸಪ್ಪೆಯಾಗಿದ್ದವು. ಬಾವಿಯ ಹತ್ತಿರ ಹೆಂಗಸರು ಅವಳಿಗೆ ‘ಉಟ್ಟು ಬಿಚ್ಚಿದೋಳು’ ಎಂದು ಹೆಸರಿಟ್ಟರು. ಇನ್ನು ಅವಳನ್ನು ಕೇಳಿ ಯಾರೂ ಬರಲಾರರು. ಬೆನಕಪ್ಪ ತಲೆತಗ್ಗಿಸಿಕೊಂಡೇ ಹೇಳಿದ: ಗೋವಿನಕೋವಿಯಲ್ಲಿ ಹೆಂಡತಿ ಸತ್ತ ದೊಡ್ಡಪ್ಪನೊಬ್ಬ ಇದ್ದಾನೆ, ಯುಗಾದಿ ಕಳೆದ ಮೇಲೆ ಅಲ್ಲಿಗೆ ಹೋಗಿ ಅಡುಗೆ ಮಾಡಿಕೊಂಡಿರಲಿ.

ಇನ್ನೊಬ್ಬರ ಮನೆ. ಮತ್ತೊಂದು ಒಲೆ. ಅವಳು ಹೂಂ ಎಂದಳು.

ಪ್ಲೇಗು ಇಳಿಯಿತು. ಜನ ಮನೆಗೆ ಮರಳಿದರು. ಆದರೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು, ಕೈಕಾಲು ಬಾರದ ಮುದುಕರು ಉಳಿದರು. ಹಿಡಿ ಕಾಳಿನ ಒಲೆ ನಿಂತರೆ ಇವರ ಗತಿಯೇನು ಎಂದು ಅವಳು ಕೇಳಿದಾಗ, ಗಾದ್ರಪ್ಪ ಸಂತೆ ಮೈದಾನದ ಪಕ್ಕದ ತನ್ನ ಖಾಲಿ ಕೊಟ್ಟಿಗೆ ಬಿಟ್ಟುಕೊಟ್ಟ. ಹೆಸರಿಟ್ಟ ಹೆಂಗಸರೂ ಕಾಳು ತಂದು ಹಾಕಿದರು. ಕೊಟ್ಟಿಗೆಯೊಳಗೆ ಸದಾ ಗದ್ದಲ. ಅದರ ನಡುವೆ ಅವಳೊಬ್ಬಳೇ.

ಇತ್ತ ಜಗಳೂರು ಕಡೆಯ ಸೊಕ್ಕೆ ಎಂಬ ಹಳ್ಳಿಯಲ್ಲಿ ಮಹೇಶ್ವರಪ್ಪ ತಿಪ್ಪಮ್ಮನೆಂಬ ಮುದುಕಿಯ ಪಡಸಾಲೆಯಲ್ಲಿ ಇಳಿದುಕೊಂಡಿದ್ದ. ಅವನ ಪೆಟ್ಟಿಗೆಯಲ್ಲಿ ಹೆಣ್ಣಿನ ಸೀರೆ ಕಂಡು ಮುದುಕಿ ಕೆದಕಿ ಕೇಳಿದಳು. ಅವನು ಎಲ್ಲವನ್ನೂ ಹೇಳಿದ, ಅವಳನ್ನು ಬಿಡುಗಡೆ ಮಾಡಿ ಬಂದೆ ಎಂಬುದನ್ನೂ.

“ಆ ಹುಡುಗಿ ಉಟ್ಕಂಡಿದ್ಲಾ?”

“ಹೂಂ. ಬೇರೆ ಬಟ್ಟೆ ಇರಲಿಲ್ವಲ್ಲ.”

“ಏನು ಓದಿದ್ಯೋ ನೀನು! ಬ್ಯಾಡ ಅಂದ್ರೆ ಹೆಂಗಸು ಗೋಣಿತಾಟು ಸುತ್ಕಂಡು ಕೂರ್ತಾಳೆ, ಆ ಸೀರೆ ಮುಟ್ಟಲ್ಲ. ಉಟ್ಟಿದ್ದೇ ಅವಳ ಮಾತು ಕಣಪ್ಪ. ಅವಳು ಬಾಯಿಬಿಟ್ಟು ಹೂಂ ಅಂದಂಗೆ. ನೀನು ನಾಕು ಜನದ ಮುಂದೆ ಒಲ್ಲೆ ಅಂದು ಬಂದೀಯ.”

ಅವನು ಗೋಡೆಗೊರಗಿ ಕುಳಿತುಬಿಟ್ಟ. ಹುಟ್ಟಿದಾಗಿನಿಂದ ತನ್ನನ್ನು ಬೇಕು ಎಂದವರು ಯಾರೂ ಇಲ್ಲ ಎಂದುಕೊಂಡಿದ್ದ. ಒಬ್ಬಳು ಹೇಳಿದ್ದಳು... ಊರಿಗೆಲ್ಲ ಕೇಳಿಸಿತ್ತು, ಅವನೊಬ್ಬನನ್ನು ಬಿಟ್ಟು.

ಯುಗಾದಿ ಹತ್ತಿರ ಬಂದಿತ್ತು. ನ್ಯಾಮತಿಯಲ್ಲಿ ಬಸ್ಸಿಳಿದವನು ಬೆನಕಪ್ಪನ ಮನೆಯ ಮುಂದೆ ಹಾದು, ಕೇಳಿಕೊಂಡು ಕೊಟ್ಟಿಗೆಗೆ ಬಂದ. ಮಕ್ಕಳು ಉಂಡು ಹೊರಗೆ ಆಡುತ್ತಿದ್ದವು. ಕಸ್ತೂರಮ್ಮ ಮೊರದಲ್ಲಿ ಕಾಳು ಆರಿಸುತ್ತಿದ್ದಳು. ನೋಡಿದಳು, ಕೈ ನಿಲ್ಲಿಸಲಿಲ್ಲ.

“ಈ ಸಲ ಕೈಯಲ್ಲಿ ಏನೂ ತಂದಿಲ್ಲ,” ಎಂದ. “ಮೊದಲು ಬಾಯಲ್ಲಿ ಕೇಳಬೇಕು ಅಂತ ಬಂದೆ.”

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

“ಅವತ್ತು ನಿಮಗೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ಉಟ್ಟಿರಿ ಅಂದ್ಕೊಂಡೆ.”

“ದಾರಿ ಇತ್ತು. ಕಂಬಳಿ ಇತ್ತು. ನಾನು ಯೋಚ್ನೆ ಮಾಡೇ ಉಟ್ಟಿದ್ದೆ.” ಅವಳ ದನಿ ಸಣ್ಣಗಾಯಿತು. “ಊರೋರ ಹತ್ರ ಎಲ್ಲಾ ಮಾತಾಡಿದ್ರಿ. ನನ್ನ ಒಂದ್ ಮಾತು ಕೇಳ್ಲಿಲ್ಲ ನೀವು.”

“ತಪ್ಪಾಯ್ತು. ಈಗ ಕೇಳ್ತಿದೀನಿ. ನಿಮಗೇನು ಬೇಕು, ಕಸ್ತೂರಮ್ಮ?”

ಮೊರ ನಿಂತಿತು. ಅವಳು ಹೊರಗೆ ಆಡುತ್ತಿದ್ದ ಮಕ್ಕಳತ್ತ ನೋಡಿದಳು.

“ಈ ಒಲೆ ಆರಬಾರ್ದು. ನಾನು ಗೋವಿನಕೋವಿಗೆ ಹೋಗಾಕೆ ಒಲ್ಲೆ.”

“ಆಯ್ತು. ಹೊನ್ನಾಳಿಗೆ ವರ್ಗ ಕೇಳಿದೀನಿ. ಕೊಟ್ಟರೆ ದಿನಾ ಬಸ್ಸಲ್ಲಿ ಓಡಾಡ್ತೀನಿ. ಕೊಡದಿದ್ರೆ ಈ ಕೆಲಸ ಬಿಟ್ಟು ನಿಮ್ಮ ಒಲೆಗೆ ಸೌದೆ ಒಡೀತೀನಿ.”

“ಸೌದೆ ಒಡೆಯೋ ಕೈಯಾ ಅದು?” ನಗು ಬಂತು, ಜೊತೆಗೆ ಕಣ್ಣೀರೂ. ಸೆರಗಿನಿಂದ ಒರೆಸಿಕೊಂಡಳು. “ಇನ್ನೊಂದು ಕೇಳಲಿಲ್ಲ ನೀವು.”

“ಯಾವುದು?”

“ಮತ್ತೇನು ಬೇಕು ಅಂತ.”

“ಮತ್ತೇನು ಬೇಕು?”

“ನೀವು,” ಎಂದಳು, ಮೊರ ನೋಡುತ್ತಾ.

ಬಾಗಿಲಲ್ಲಿ ನೆರಳಾಡಿತು. ಶಂಕರಮ್ಮ. ಕೊಟ್ಟಿಗೆಯೊಳಗೆ ಎಂದೂ ಕಾಲಿಡದವಳು, ಸೊಂಟದ ಮೇಲೆ ಬುತ್ತಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಉಡಿಕೆಯ ಮಾತು ನಡೆಯುವಲ್ಲಿ ಮುತ್ತೈದೆಯರು ನಿಲ್ಲುವ ರೂಢಿ ಆ ಜನದಲ್ಲಿರಲಿಲ್ಲ.

ಆದರೂ ಅವಳು ಒಳಗೆ ಬಂದಳು. ಕುಳಿತು, ಎರಡು ಮುತ್ತುಗದ ಎಲೆ ಹಾಸಿ, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಬಡಿಸಿದಳು. ಒಂದು ಎಲೆಯನ್ನು ಅವನ ಮುಂದಿಟ್ಟಳು. ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ, ದಿನವೂ ಬೇರೆಯವರಿಗೆ ಬಡಿಸುತ್ತಿದ್ದ ನಾದಿನಿಯ ಕೈಗೆ ಕೊಟ್ಟಳು.