ಗೋಡೆಯಾಚೆಯ ದನಿ

ಸಮುದ್ರದಂಚಿನ ನಮ್ಮ ಸಾಲುಮನೆಗಳ ನಡುವೆ ಒಂದೊಂದೇ ಗೋಡೆ. ಏನಾದರೂ ಹೇಳಬೇಕೆಂದರೆ ಗೋಡೆ ತಟ್ಟಿ ಕೂಗುತ್ತೇವೆ. ಚಂಡಮಾರುತ ಬರುತ್ತದೆಂದು ಮೈಕಿನಲ್ಲಿ ಸಾರಿದ ಮಧ್ಯಾಹ್ನ, ದೋಣಿ ಎಂಜಿನ್ ರಿಪೇರಿ ಮಾಡುವ ಅಪ್ಪ ಜಪ್ಪಯ್ಯ ಅಂದರೂ ಏಳಲಿಲ್ಲ.

“ಪ್ರತಿ ವರ್ಷ ಇದೇ ರಾಗ. ಹೋದ ಸಲ ಬಂದಿದ್ದು ಬರೀ ತುಂತುರು.”

“ಸಮುದ್ರವೇ ಬಂದು ಬಾಗಿಲು ತಟ್ಟಬೇಕಾ ನಿಮಗೆ?” ಅಮ್ಮ ರೇಗಿದಳು.

ಆಗ ಪಕ್ಕದ ಮನೆಯಿಂದ ಗೋಡೆ ತಟ್ಟಿದ ಸದ್ದಾಯಿತು. ಅಲ್ಲಿರುವುದು ಟೈಲರ್ ಅತ್ತೆ ಒಬ್ಬರೇ. ಕಿವಿಯಿಟ್ಟೆ, ಗೋಡೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

“ಬೇಗ ಹೊರಡಿ,” ಅಂದಿತು ಅತ್ತೆಯ ದನಿ.

ಯಾವತ್ತೂ ದನಿಯೆತ್ತದ ನಾನು ಕೂಗಿದೆ, “ನೀವೂ ಬನ್ನಿ ಅತ್ತೆ!”

“ಮಗು ಮಲಗಿದೆ ಕಣೇ. ನೀವು ಹೋಗಿ.”

ಅಪ್ಪ ದಡಬಡಿಸಿ ಹೊರಗೋಡಿದರು. ಅತ್ತೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಎಷ್ಟು ಕರೆದರೂ ಉತ್ತರವಿಲ್ಲ. ಆಮೇಲೆ ಯಾರೂ ವಾದ ಮಾಡಲಿಲ್ಲ, ಎಲ್ಲರೂ ಓಡಿದೆವು.

ಆಸರೆ ಕೊಟ್ಟಿದ್ದ ಶಾಲೆಯಲ್ಲಿ ಅತ್ತೆ ಚಾಪೆಯ ಮೇಲೆ ಕೂತಿದ್ದರು. “ನಾನು ಬೆಳಿಗ್ಗೆಯೇ ಬಂದೆನಲ್ಲೇ,” ಅಂದರು.

ಸಂಜೆಯ ಅಲೆ ನಮ್ಮ ಮನೆಯ ಛಾವಣಿಯನ್ನೇ ಹೊತ್ತೊಯ್ದಿತು. ನೀರಿಳಿದ ಮೇಲೆ ಅತ್ತೆ ತಮ್ಮ ಮನೆಯ ಬೀಗ ತೆಗೆದರು. ಒಳಗೆಲ್ಲ ಮೊಣಕಾಲುದ್ದ ಹಸಿ ಮರಳು. ಅದರ ಮೇಲೊಂದು ತೊಟ್ಟಿಲು. ಅತ್ತೆಯ ಮನೆಯಲ್ಲಿ ಎಂದೂ ತೊಟ್ಟಿಲು ಇರಲಿಲ್ಲ. ಅದರ ಹಾಸಿಗೆ ಒಣಗಿತ್ತು. ಅಮ್ಮ ಮುಟ್ಟಿ, ತಟ್ಟನೆ ಕೈ ಹಿಂದೆಗೆದಳು.

ಇನ್ನೂ ಬೆಚ್ಚಗಿತ್ತು.