ಕಂದು ಮೊಲದ ಐದು ಮರಿಗಳು

ಗಂಡಿನ ಮುಖವನ್ನೇ ನೋಡದ ಮೊಲ ಐದು ಮರಿ ಹಾಕಿದರೆ ಯಾರ ತಲೆ ಕೆಡುವುದಿಲ್ಲ, ಹೇಳಿ? ಮೊಲದ ಯಜಮಾನಿ ದನದ ಡಾಕ್ಟರಮ್ಮನ ಬಳಿ ಓಡಿಬಂದಳು. ಬೀದಿಯ ಕಿತಾಪತಿಯೆಲ್ಲ ಕೊನೆಗೆ ಬರುವುದು ಇಲ್ಲಿಗೇ ಎಂದು ಇಪ್ಪತ್ತು ವರ್ಷದಿಂದ ಕಂಡಿದ್ದ ಕಾಂಪೌಂಡರ್, ತೊಳೆಯುತ್ತಿದ್ದ ಬಾಟಲಿ ಬಿಟ್ಟು ಕಿವಿಗೊಟ್ಟ.

“ಬಹುಮಾನ ಗೆದ್ದ ಕಂದು ಮೊಲ ಡಾಕ್ಟರಮ್ಮ! ಮೂರು ಕರಿ ಮರಿ, ಎರಡು ಬಿಳಿ. ಕೆಲಸದ ಹುಲ್ಲಕ್ಕ ಗೂಡಿನ ಚಿಲಕ ಹಾಕಿಲ್ಲ, ಪಕ್ಕದ ಮನೆ ಟೈಲರ್‌ದು ಕರಿ ಗಂಡು ಮೊಲ ನುಗ್ಗಿದೆ. ಇವತ್ತೇ ಅವಳನ್ನ ಕೆಲಸದಿಂದ ತೆಗೀತೀನಿ.”

“ನಾಳೆ ತೆಗೀರಿ. ಇವತ್ತು ಮರಿ ನೋಡೋಣ.”

ಗೂಡುಗಳ ಮುಂದೆ ಹುಲ್ಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ಮೊಲಗಳಿಗೆ ಹುಲ್ಲು ಹಾಕಿದ ಕೈ ಅದು.

ಟೈಲರ್ ಕೂಗಾಡುತ್ತಿದ್ದ. “ನನ್ನ ಗಂಡಿಗೆ ಮನೇಲೇ ಬಿಳಿ ಹೆಂಡ್ತಿ ಇದಾಳೆ! ನಲವತ್ತು ಮರಿ ಹಾಕಿದಾಳೆ, ಒಂದೂ ಬಿಳಿ ಇಲ್ಲ!”

ಯಜಮಾನಿಯ ಮೈದುನ ತನ್ನ ಬಿಳಿ ಗಂಡು ಮೊಲವನ್ನು ತೋಳಲ್ಲಿ ಮುದ್ದಿಸುತ್ತ ನಿಂತಿದ್ದ. “ಇವನ ಅಪ್ಪ ಇದ್ದಿಲಿನ ಹಾಗೆ ಕರಿ, ಇವನು ನೋಡಿ ಹಾಲು! ಡಾಕ್ಟರಮ್ಮ, ಕರಿ ಮರಿ ಮೂರೂ ಹೆಣ್ಣು, ಬಿಳಿ ಎರಡೂ ಗಂಡು. ಬೆಕ್ಕಲ್ಲಿ ಬಣ್ಣ ಹೆಣ್ಣು ಗಂಡು ನೋಡ್ಕೊಂಡು ಹೋಗುತ್ತಂತೆ. ಹೆಣ್ಣು ಮರಿ ಕರಿ ಅಪ್ಪನ್ನ ಹೋಲಿದಾವೆ, ಗಂಡು ಮರಿ ತಾಯಿ ಕಡೆ. ಕಂದೀದು ತಾಯಿ ಬಿಳಿ ಅಲ್ವಾ ಅತ್ತಿಗೆ?”

ಕಾಂಪೌಂಡರ್ ತಲೆದೂಗಿದ. ವಾದ ಗಟ್ಟಿಯಾಗಿಯೇ ಇತ್ತಲ್ಲ!

ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿದಳು.

“ಬೆಕ್ಕಿನ ಕೆಂಚು ಬಣ್ಣಕ್ಕೆ ಅದು ಸರಿ. ಮೊಲಕ್ಕೆ ಆ ಲೆಕ್ಕ ಇಲ್ಲ, ಇಲ್ಲಿ ಹೆಣ್ಣು ಗಂಡು ಹಾಗೆ ಬಿದ್ದಿದ್ದು ಆಕಸ್ಮಿಕ. ಮರಿ ಬಿಳಿ ಆಗ್ಬೇಕಾದ್ರೆ ಅಪ್ಪ ಅಮ್ಮ ಇಬ್ಬರೂ ಬಿಳಿ ಕೊಡ್ಬೇಕು. ಕಂದೀ ಒಳಗೆ ಅದರ ತಾಯಿ ಕೊಟ್ಟಿದ್ದು ಒಂದು ಪಾಲಿದೆ. ಟೈಲರ್ ಗಂಡಿನೊಳಗೂ ಇದ್ದಿದ್ರೆ, ಆ ನಲವತ್ತರಲ್ಲಿ ಅರ್ಧ ಬಿಳಿ ಆಗ್ತಿತ್ತು.”

“ಮತ್ತೆ ಕರಿ ಎಲ್ಲಿಂದ ಬಂತು? ನಂದು ಬಿಳಿ!” ಎಂದ ಮೈದುನ.

“ನಿಮ್ಮದು ಅಂತ ಯಾರಂದ್ರು? ಆದ್ರೂ ಹೇಳ್ತೀನಿ. ಮೊಲದ ಬಿಳಿ ಬರೀ ಮುಸುಕು. ಒಳಗೆ ಇದ್ದಿಲಪ್ಪನ ಕರಿ ಹಾಗೇ ಕೂತಿದೆ. ಒಂದು ದಿನ ಪೂರ್ತಿ ಗೂಡಲ್ಲಿ ಬಿಟ್ಟಿದ್ರಾ?”

“ಪೂರ್ತಿ ಎಲ್ಲಿ, ಅರ್ಧ ನಿಮಿಷ—” ಮೈದುನ ನಾಲಿಗೆ ಕಚ್ಚಿಕೊಂಡ. ಟೈಲರ್ ಹೊಟ್ಟೆ ಹಿಡಿದು ನಕ್ಕ.

“ಎಷ್ಟು ಸಲ ಕೇಳಿದ್ರೂ ಈ ತಳಿದು ಒಂದು ಮರಿ ಕೊಡ್ಲಿಲ್ಲ ನೀವು, ಅತ್ತಿಗೆ!”

“ಅದಕ್ಕೆ ಈ ಬಡಪಾಯಿ ತಲೆ ಮೇಲೆ ಹಾಕಿದ್ಯಾ?” ಯಜಮಾನಿ ಹುಲ್ಲಕ್ಕನ ಕೈ ಹಿಡಿದಳು. “ತಪ್ಪಾಯ್ತು ಕಣೇ. ಇನ್ನೊಂದು ತಿಂಗಳು ಗೂಡು ಇವನೇ ತೊಳೀಲಿ, ನೀನು ಕೂತು ಸಂಬಳ ತಗೋ.”

ಮರುದಿನ ಬೆಳಿಗ್ಗೆ ಮರಿಗಳಿಗೆ ಔಷಧಿ ತಂದ ಕಾಂಪೌಂಡರ್ ಕಣ್ಣಾರೆ ಕಂಡ: ಮೈದುನ ಬೆವರೊರೆಸಿಕೊಂಡು ಪೊರಕೆ ಹಿಡಿದು ಗೂಡಿನಿಂದ ಹೊರಬಂದ, ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಹುಲ್ಲಕ್ಕ ಕತ್ತು ಕೂಡ ತಿರುಗಿಸದೆ ಕೂಗಿದಳು:

“ಸ್ವಾಮೀ, ಚಿಲಕ!”